ಸಾಕಿದವನ ಹೊಣೆ

ಶ್ರಾವಣಮಾಸದ ಶನಿವಾರಗಳಂದು ಬ್ಯಾಡಗಿ ತಾಲೂಕಿನ ಕದರಮಂಡಲಗಿಯಲ್ಲಿ ಬೆಳಕು ಹರಿಯುವುದಕ್ಕೆ ಮೊದಲೇ ಜನಸಂದಣಿ ನೆರೆಯುತ್ತದೆ. ಅಲ್ಲಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಎಂಬ ಮೂರು ಆಂಜನೇಯ ಮೂರ್ತಿಗಳನ್ನು ಒಂದೇ ದಿನದಲ್ಲಿ ದರ್ಶಿಸಿದವನಿಗೆ ಮಹತ್ತಾದ ಪುಣ್ಯವು ಲಭಿಸುವುದೆಂಬ ನಂಬಿಕೆಯು ಈ ಸೀಮೆಯಲ್ಲಿ ಬೇರೂರಿದೆ. ಎತ್ತಿನ ಬಂಡಿಯಲ್ಲಿ ಹೋಗುವವನಿಗೆ ಕಷ್ಟಸಾಧ್ಯವಾದ ಈ ಸಂಕಲ್ಪವು ಮೋಟಾರು ವಾಹನಗಳು ಬಂದಮೇಲೆ ಸುಲಭವಾಯಿತು. ಸುಲಭವಾದುದರಿಂದಲೇ ಅವಸರದ್ದೂ ಆಯಿತು. ಊರು ಮೂರು, ಹಗಲು ಒಂದು. ಆದಕಾರಣ ಭಕ್ತರನ್ನು ತುಂಬಿಕೊಂಡ ವಾಹನಗಳು ಒಂದರ ಹಿಂದೊಂದು ಧಾವಿಸುತ್ತವೆ. ಮೆಣಸಿನಕಾಯಿಯ ಸುಗ್ಗಿ ಬಂದಿತೆಂದರೆ ಬ್ಯಾಡಗಿಯ ಪೇಟೆಗೆ ಚೀಲಗಳನ್ನು ಹೊತ್ತ ಲಾರಿಗಳ ಓಡಾಟವು ಇದಕ್ಕೆ ಮತ್ತಷ್ಟು ಸೇರುತ್ತದೆ. ಮೋಟೆಬೆನ್ನೂರು ರಾಣೆಬೆನ್ನೂರುಗಳನ್ನು ಹಾಯ್ದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಮಾತಂತೂ ಹೇಳುವಂತಿಲ್ಲ.

ಇಂಥ ದಾರಿಗಳ ಅಂಚಿನಲ್ಲಿ ನಾಯಿಯೊಂದು ಸತ್ತು ಬಿದ್ದಿರುವುದನ್ನು ಕಾಣದವರು ವಿರಳ. ಕಂಡವರು ಮುಖ ತಿರುವಿಕೊಂಡು ಮುಂದೆ ಸಾಗುತ್ತಾರೆ. ಸಂಜೆಯ ಹೊತ್ತಿಗೆ ಅದು ನೆನಪಿನಲ್ಲಿಯೂ ಉಳಿಯುವುದಿಲ್ಲ. ಆದರೆ ಹಾಗೆ ಬಿದ್ದ ನಾಯಿಗಳಲ್ಲಿ ಕೆಲವಕ್ಕೆ ಮನೆಯಿತ್ತು, ಹೆಸರಿತ್ತು, ಹೊತ್ತುಹೊತ್ತಿಗೆ ರೊಟ್ಟಿಯ ತುಣುಕು ಹಾಕುವ ಕೈಯಿತ್ತು. ಆ ಮನೆಯವರ ಪಾಲಿಗೆ ಅದು ಬಿದ್ದದ್ದು ದಾರಿಯಲ್ಲಲ್ಲ, ತಮ್ಮ ಅಂಗಳದಲ್ಲಿಯೇ. ಈ ಸಾವಿಗೆ ಹೊಣೆ ಯಾರದು, ಆ ಹೊಣೆಯ ಸ್ವರೂಪವೇನು ಎಂಬುದನ್ನು ಕುರಿತು ಕಿಂಚಿತ್ ವಿಚಾರ ಮಾಡುವುದು ಗೃಹಸ್ಥರಾದ ಸದ್ಭಕ್ತರಿಗೆ ಅಪ್ರಸ್ತುತವಾಗಲಾರದು.

ವಾಚಕರು ಕದರಮಂಡಲಗಿಯಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಮನೆಯ ಮುಂದೆ ಅಂಗಳ, ಅಂಗಳದಾಚೆ ಡಾಂಬರಿನ ರಸ್ತೆ. ಮರಿಯಿದ್ದಾಗ ಮಗನು ಎತ್ತಿಕೊಂಡು ಬಂದ ನಾಯಿ. ಆರು ವರುಷ ಆ ಮನೆಯ ಕಣವನ್ನು ಕಾಯ್ದಿದೆ, ಹರವಿದ ಮೆಣಸಿನಕಾಯಿಯ ಬಳಿಗೆ ಹಂದಿಯನ್ನಾಗಲಿ ಬಿಡಾಡಿ ದನವನ್ನಾಗಲಿ ಬರಗೊಟ್ಟಿಲ್ಲ. ಒಂದು ಶನಿವಾರ ನಸುಕಿನಲ್ಲಿ ಅದು ರಸ್ತೆಗೆ ಹೋಯಿತು. ಗಾಡಿಯೊಂದು ಬಡಿದು ನಿಲ್ಲದೆ ಹೋಯಿತು. ನೆರೆಯವರು ಬಂದರು. "ಗಾಡಿಯವನ ತಪ್ಪು" ಎಂದರು ಕೆಲವರು. "ಅದರ ಆಯುಷ್ಯ ಅಷ್ಟ ಇತ್ತು" ಎಂದರು ಹಿರಿಯರು. "ನಾಯಿ ಅಲ್ಲೇನು, ಮತ್ತೊಂದು ತಂದ್ರಾತು" ಎಂದು ಸಮಾಧಾನ ಹೇಳಿದವರೂ ಉಂಟು. ಇಷ್ಟರಲ್ಲಿ ಏಳೆಂಟು ವರುಷದ ಹುಡುಗನು ತಂದೆಯ ಮುಖ ನೋಡಿ, "ಅಪ್ಪಾ, ರಾತ್ರಿ ಕದಾ ಯಾರು ತಗದಿಟ್ಟಿದ್ರು?" ಎಂದು ಕೇಳಿದನು. ದೊಡ್ಡವರಾರೂ ಮಾತನಾಡಲಿಲ್ಲ.

ನೆರೆಯವರು ಹೇಳಿದ ಮೂರು ಮಾತುಗಳೂ ಸಮಾಧಾನದ ಮಾತುಗಳೇ. ಕೆಟ್ಟ ಮನಸ್ಸಿನಿಂದ ಹೊರಟವಲ್ಲ. ಆದರೆ ಹುಡುಗನು ಕೇಳಿದ ಪ್ರಶ್ನೆಗೆ ಅವುಗಳಲ್ಲಿ ಒಂದೂ ಉತ್ತರವಲ್ಲ.

"ನಾಯಿಯಲ್ಲವೆ" ಎಂಬ ಮಾತನ್ನು ಮೊದಲು ನೋಡುವುದು ಯುಕ್ತ, ಏಕೆಂದರೆ ಅದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ವಚನಗಳಲ್ಲಿ ನಾಯಿಯು ಬಹುಮಟ್ಟಿಗೆ ಚಪಲಚಿತ್ತದ ಉಪಮಾನವಾಗಿ ಬಂದಿರುವುದು ನಿಜ. ಉಪಮಾನವು ಮನಸ್ಸನ್ನು ತಿದ್ದುವುದಕ್ಕಾಗಿ ಹುಟ್ಟಿತೇ ಹೊರತು ಪ್ರಾಣಿಯನ್ನು ಹೀಗಳೆಯುವುದಕ್ಕಾಗಿ ಅಲ್ಲ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಪ್ರತೀತಿಯನ್ನು ಶರಣಚರಿತ್ರೆಗಳನ್ನು ಬಲ್ಲವರೆಲ್ಲರೂ ಕೇಳಿದ್ದಾರೆ. ಕುಲದ ಹಮ್ಮನ್ನು ಮುರಿಯುವುದಕ್ಕೆ ಶರಣರಿಗೆ ಒದಗಿಬಂದ ಜೀವಿ ನಾಯಿ. ಇನ್ನು ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದು ಭಾವಿಸಿ, ದೋಣಿಯಲ್ಲಿಟ್ಟ ಹಾಲು ಬಾಳೆಹಣ್ಣುಗಳನ್ನು ಬಗುಳುತ್ತ ಬಾಯಿಂದಲೇ ಸ್ವೀಕರಿಸುವ ಸೇವೆಯನ್ನು ಈ ಭಾಗದ ಜನರು ಕಣ್ಣಾರೆ ಕಾಣುತ್ತಾರೆ. ಆ ಆಚರಣೆಯನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಒಡೆಯನ ಬಾಗಿಲನ್ನು ಬಿಡದ ನಿಷ್ಠೆಗೆ ನಾಯಿಗಿಂತ ಸಮೀಪದ ನಿದರ್ಶನವು ಈ ನಾಡಿನ ಜನಕ್ಕೆ ತೋಚಲಿಲ್ಲವೆಂಬುದಂತೂ ಸ್ಪಷ್ಟ. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರದ ಅರ್ಥವನ್ನು ಮಕ್ಕಳಿಗೆ ತಿಳಿಸುವಾಗ ಅಂಗಳದಲ್ಲಿ ಮಲಗಿದ ನಾಯಿಯತ್ತ ಬೆರಳು ತೋರಿದರೆ ತಪ್ಪಾಗದು.

ಎರಡನೆಯದು ಗಾಡಿಯವನ ತಪ್ಪು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಏಕೆಂದರೆ ಈ ಪ್ರಶ್ನೆಯು ನ್ಯಾಯಾಸ್ಥಾನದ ಮೆಟ್ಟಿಲನ್ನೂ ಏರಿದೆ. ೨೦೧೮ರಲ್ಲಿ ಬೆಂಗಳೂರಿನಲ್ಲಿ ಒಂದು ಮನೆಯ ಸಾಕುನಾಯಿಯು ಮೋಟಾರು ಗಾಡಿಗೆ ಸಿಕ್ಕಿ ಸತ್ತಿತು. ಮನೆಯವರು ಚಾಲಕನ ಮೇಲೆ ದೂರು ಕೊಟ್ಟರು. ಅಜಾಗರೂಕತೆಯಿಂದ ವಾಹನ ನಡೆಸಿದನೆಂದೂ, ಅಪಘಾತವಾದ ಮೇಲೆ ಚಾಲಕನು ಮಾಡಬೇಕಾದುದನ್ನು ಮಾಡಲಿಲ್ಲವೆಂದೂ, ಪ್ರಾಣಿಯನ್ನು ಕೊಂದು ಹಾನಿ ಮಾಡಿದನೆಂದೂ ಆರೋಪಗಳನ್ನು ಹೊರಿಸಲಾಯಿತು. ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ಅದರ ತರ್ಕವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಅಜಾಗರೂಕ ಚಾಲನೆಯನ್ನು ದಂಡಿಸುವ ಕಲಮು ಮನುಷ್ಯನ ಜೀವಕ್ಕೆ ಒದಗುವ ಅಪಾಯವನ್ನು ಕುರಿತದ್ದು, ೧೯೮೮ರ ಮೋಟಾರು ವಾಹನ ಕಾಯಿದೆಯು ಅಪಘಾತದ ತರುವಾಯ ಚಾಲಕನಿಗೆ ವಿಧಿಸಿರುವ ಕರ್ತವ್ಯವೂ ಗಾಯಗೊಂಡ ಮನುಷ್ಯನನ್ನು ಕುರಿತದ್ದೇ, ಪ್ರಾಣಿಯನ್ನು ಕೊಂದ ಅಪರಾಧವು ಸಿದ್ಧವಾಗಬೇಕಾದರೆ ಕೊಲ್ಲುವ ಉದ್ದೇಶವಿರಬೇಕು, ಚಾಲಕನಿಗೆ ಆ ನಾಯಿಯ ಮೇಲೆ ಹಗೆಯೇನೂ ಇರಲಿಲ್ಲ.

ಈ ತೀರ್ಪನ್ನು ಓದಿ ನೊಂದುಕೊಂಡವರು ಅನೇಕರು. ಶಾಸನವು ಬೇರೆ ರೀತಿಯಲ್ಲಿ ಇರಬಹುದಾಗಿತ್ತು ಎಂಬುದೂ ನಿಜ. ಇಂಗ್ಲೆಂಡಿನಲ್ಲಿ ೧೯೮೮ರ ರಸ್ತೆ ಸಂಚಾರ ಶಾಸನದ ಪ್ರಕಾರ ಕುದುರೆ, ದನ, ಕತ್ತೆ, ಕುರಿ, ಹಂದಿ, ಆಡುಗಳೊಡನೆ ನಾಯಿಗೂ ಗಾಡಿ ತಾಗಿದರೆ ಚಾಲಕನು ನಿಲ್ಲಲೇಬೇಕು. ಆ ಪಟ್ಟಿಯಲ್ಲಿ ಬೆಕ್ಕಿಗೆ ಏಕೋ ಸ್ಥಾನ ಸಿಗಲಿಲ್ಲ! ನಮ್ಮ ದೇಶದ ಹಳೆಯ ದಂಡಸಂಹಿತೆಯು ಪ್ರಾಣಿಯನ್ನು ಕೊಲ್ಲುವ ಅಪರಾಧವನ್ನು ಹತ್ತು ರೂಪಾಯಿ ಬೆಲೆಯದು, ಐವತ್ತು ರೂಪಾಯಿ ಬೆಲೆಯದು ಎಂದು ಬೆಲೆಗಟ್ಟಿ ವಿಂಗಡಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಆ ಬೆಲೆಯ ಲೆಕ್ಕವನ್ನು ಕೈಬಿಟ್ಟಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಉದ್ದೇಶವಿರಬೇಕೆಂಬ ಮಾತು ಹಾಗೆಯೇ ಉಳಿಯಿತು, ಉಳಿಯತಕ್ಕದ್ದೂ ಹೌದು. ಕತ್ತಲಲ್ಲಿ ಹಠಾತ್ತನೆ ಎದುರಿಗೆ ಬಂದ ಪ್ರಾಣಿಯನ್ನು ತಪ್ಪಿಸಲಾರದೆ ಹೋದವನನ್ನೂ, ಬೇಕೆಂದೇ ಮೇಲೆ ಹಾಯಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಮುಂದೆ ಸಾಗಿರುತ್ತದೆ. ಕಂಡು, ತಿಳಿದು, ಕಾಲು ತಡೆಗೆ ತಾಗುವುದರೊಳಗಾಗಿ ಆ ಸೆಕೆಂಡು ಕಳೆದಿರುತ್ತದೆ. ದ್ವಿಚಕ್ರ ವಾಹನದವನಾದರೆ ನಾಯಿಯನ್ನು ಉಳಿಸಹೋಗಿ ತಾನೇ ಬೀಳುತ್ತಾನೆ. ಬಡಿದ ಮೇಲೆ ನಿಲ್ಲದೆ ಹೋದುದಕ್ಕೆ ಮಾತ್ರ ಕ್ಷಮೆಯಿಲ್ಲ. ಪುಣ್ಯಕ್ಷೇತ್ರಕ್ಕೆ ಹೊರಟವನಂತೂ ಆ ನರಳುವ ಜೀವವನ್ನು ಹಿಂದೆ ಬಿಟ್ಟು ಯಾವ ಮುಖದಿಂದ ದೇವರೆದುರು ನಿಲ್ಲುವನೋ ತಿಳಿಯದು. ದಯೆಯನ್ನು ಧರ್ಮಕ್ಕೆ ಬೇರಾಗಿ ಬಸವಣ್ಣನವರು ಕಂಡದ್ದು ಇಂಥವರಿಗಾಗಿಯೇ ಇರಬೇಕು.

ಆದರೂ ಗಾಡಿಯವನ ತಪ್ಪು ಎಷ್ಟೇ ಇರಲಿ, ಅದು ಸಾಕಿದವನ ಹೊಣೆಯನ್ನು ಅಳಿಸಿಹಾಕುವುದಿಲ್ಲ. ಶಾಸನವೇ ಇದನ್ನು ತೋರಿಸುತ್ತದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೂರನೆಯ ಕಲಮು, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮಕ್ಕೆ ಬೇಕಾದ ಸಕಲ ಯುಕ್ತ ಕ್ರಮಗಳನ್ನೂ ಕೈಕೊಳ್ಳಬೇಕೆಂದು ವಿಧಿಸುತ್ತದೆ. ಹನ್ನೊಂದನೆಯ ಕಲಮಿನಲ್ಲಿ ಕ್ರೌರ್ಯಗಳ ಎಣಿಕೆಯಿದೆ: ಸಾಕಿದ ಪ್ರಾಣಿಯನ್ನು ಬಿಟ್ಟುಬಿಡುವುದು, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು, ರೋಗಿಷ್ಠವಾದ ಅಥವಾ ಅಂಗಹೀನವಾದ ತನ್ನ ಪ್ರಾಣಿಯನ್ನು ಬೀದಿಯಲ್ಲಿ ಸಾಯಗೊಡುವುದು. ಮೊದಲ ಅಪರಾಧಕ್ಕೆ ದಂಡವು ಕೇವಲ ೧೦ರಿಂದ ೫೦ ರೂಪಾಯಿ ಎಂಬುದನ್ನು ನೋಡಿ ನಗುವವರು ನಗಲಿ. ಇನ್ನು ನ್ಯಾಯ ಸಂಹಿತೆಯ ಮತ್ತೊಂದು ಕಲಮು, ತನ್ನ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನನ್ನು ದಂಡಿಸುತ್ತದೆ. ರಸ್ತೆಗೆ ಬಿಟ್ಟ ನಾಯಿಗೆ ಸಿಕ್ಕಿ ದ್ವಿಚಕ್ರದವನೊಬ್ಬನು ತಲೆಯೊಡೆದುಕೊಂಡರೆ, ದೂರು ಕೊಡಹೊರಟ ಒಡೆಯನೇ ಉತ್ತರ ಹೇಳಬೇಕಾದೀತು. ತನ್ನ ಮನೆಯ ಕದವು ತೆರೆದಿದ್ದಾಗ ಅಪಾಯದಲ್ಲಿರುವುದು ತನ್ನ ನಾಯಿಯೊಂದೇ ಅಲ್ಲವೆಂಬುದನ್ನು ಬಹುಮಂದಿ ಯೋಚಿಸುವುದಿಲ್ಲ.

ಮೂರನೆಯದು ಆಯುಷ್ಯದ ಮಾತು. ಹಿರಿಯರ ಬಾಯಲ್ಲಿ ಇದು ಸಹಜವಾಗಿ ಬರುತ್ತದೆ; ಎದೆಯುರಿಯ ಮೇಲೆ ತಣ್ಣೀರು ಚಿಮುಕಿಸಿದಂತೆಯೂ ಆಗುತ್ತದೆ. ಸತ್ತದ್ದು ತಿರುಗಿ ಬಾರದೆಂಬ ಅರ್ಥದಲ್ಲಿ ಹೇಳಿದರೆ ಒಪ್ಪತಕ್ಕ ಮಾತೇ. ಆದರೆ ಅದನ್ನು ವಿಚಾರಕ್ಕೆ ಮುಚ್ಚಳವನ್ನಾಗಿ ಮಾಡಿದರೆ ಶರಣಮಾರ್ಗಕ್ಕೆ ದೂರವಾಗುತ್ತದೆ. ತಿಥಿ ವಾರ ನಕ್ಷತ್ರಗಳ ಭಯವನ್ನು ತೊರೆಯಲು ಹೇಳಿದವರು, ಕಾಯಕವನ್ನು ಕೈಲಾಸವೆಂದು ಬಗೆದವರು ಹಣೆಬರಹವನ್ನು ಆಲಸ್ಯದ ಹೊದಿಕೆಯಾಗಿ ಹೊದೆಯಲಿಲ್ಲ. ಹಟ್ಟಿಯ ಎತ್ತು ಕಳುವಾದ ದಿನ "ಅದರ ಯೋಗ ಹಾಗಿತ್ತು" ಎಂದು ಸುಮ್ಮನೆ ಕೂಡುವ ಒಕ್ಕಲಿಗನನ್ನು ಯಾರೂ ಕಂಡಿಲ್ಲ. ಅಂದೇ ಹಗ್ಗವನ್ನೂ ಅಗುಳಿಯನ್ನೂ ಪರೀಕ್ಷಿಸುತ್ತಾನೆ, ಮೂರು ಊರು ಅಲೆಯುತ್ತಾನೆ. ಎತ್ತಿನ ವಿಷಯದಲ್ಲಿ ಎಚ್ಚತ್ತಿರುವ ವಿವೇಕವು ನಾಯಿಯ ವಿಷಯದಲ್ಲಿ ಮಾತ್ರ ಕರ್ಮಸಿದ್ಧಾಂತವನ್ನು ಆಶ್ರಯಿಸುವುದೇಕೆ? ಎತ್ತಿಗೆ ಬೆಲೆಯುಂಟು, ನಾಯಿಗಿಲ್ಲ ಎಂಬುದೇ ಕಾರಣವಾದರೆ ಅದು ತತ್ತ್ವವಲ್ಲ, ಲೆಕ್ಕಾಚಾರ.

ಮಹಾಭಾರತದಲ್ಲಿ ನಾಯಿಯೆಂದೊಡನೆ ಎಲ್ಲರೂ ನೆನೆಯುವುದು ಧರ್ಮರಾಜನನ್ನು ಕಡೆಯವರೆಗೆ ಹಿಂಬಾಲಿಸಿದ ನಾಯಿಯನ್ನು. ಆ ಗ್ರಂಥದ ಕೊನೆಯಲ್ಲಿ ಇರುವಂತೆ ಆದಿಯಲ್ಲಿಯೂ ಒಂದು ನಾಯಿಯಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆದಿಪರ್ವದ ಪೌಷ್ಯ ಪ್ರಕರಣದ ಕಥೆಯದು. ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರಯಾಗ ಮಾಡುತ್ತಿದ್ದನು. ಸರಮೆಯೆಂಬ ದೇವಶುನಿಯ ಮರಿಯು ಅಲ್ಲಿಗೆ ಬಂದಿತು. ತಮ್ಮಂದಿರು ಅದನ್ನು ಹೊಡೆದಟ್ಟಿದರು. ಅಳುತ್ತ ಬಂದ ಮರಿಯನ್ನು ತಾಯಿಯು ಕೂಡಲೇ ನಂಬಲಿಲ್ಲ; ನೀನೇ ಏನೋ ತಪ್ಪು ಮಾಡಿರಬೇಕೆಂದಳು. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲವೆಂದು ಮರಿಯು ಹೇಳಿತು. ಆಗ ಸರಮೆಯು ಯಾಗಶಾಲೆಗೆ ಹೋಗಿ, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಏನೊಂದನ್ನೂ ಹೇಳಲಿಲ್ಲ. ಆ ಮೇಲೆಯೇ ಶಾಪವಾದದ್ದು: ಕಾಣದ ಕಡೆಯಿಂದ ನಿಮಗೆ ಭಯವೊದಗಲಿ ಎಂದು. ಯಾಗ ಮುಗಿಸಿ ಹಸ್ತಿನಾವತಿಗೆ ಮರಳಿದ ದೊರೆಯು ಆ ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಹುಡುಕುತ್ತ ಅಲೆದನು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಡೆದೊಡನೆ ಶಾಪ ಬರಲಿಲ್ಲ. ತಾಯಿಯು ವಿಚಾರಿಸಿದಳು, ಮಗನನ್ನೇ ಮೊದಲು ಸಂಶಯಿಸಿದಳು, ಹೊಡೆದವರಿಗೂ ಹೇಳಿಕೊಳ್ಳಲು ಅವಕಾಶ ಕೊಟ್ಟಳು. ಅವರು ಬಾಯಿ ತೆರೆದು ತಪ್ಪಾಯಿತೆಂದಿದ್ದರೆ ಕಥೆಯು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಅವರ ಮೌನವೇ ಶಾಪಕ್ಕೆ ಎಡೆ ಮಾಡಿತು. ಕನ್ನಡದಲ್ಲಿ ದಿನನಿತ್ಯ ಬಳಸುವ ಜವಾಬ್ದಾರಿಯೆಂಬ ಶಬ್ದವು ಪಾರಸಿಯಿಂದ ಬಂದದ್ದು. ಅದರೊಳಗಿನ ಜವಾಬು ಎಂದರೆ ಉತ್ತರ. ಜವಾಬ್ದಾರನೆಂದರೆ ಉತ್ತರವನ್ನು ತನ್ನಲ್ಲಿ ಇಟ್ಟುಕೊಂಡವನು, ಕೇಳಿದಾಗ ಕೊಡಬೇಕಾದವನು. ತಪ್ಪಿತಸ್ಥನೆಂಬುದು ಬೇರೆ, ಜವಾಬ್ದಾರನೆಂಬುದು ಬೇರೆ. ಕದವನ್ನು ತೆರೆದಿಟ್ಟವನು ಮನೆಯ ಚಿಕ್ಕ ಹುಡುಗನೇ ಆಗಿರಬಹುದು. ತಪ್ಪು ಅವನ ಕೈಯದು. ಆದರೂ ಉತ್ತರ ಹೇಳಬೇಕಾದವನು ಗೃಹಸ್ಥ. ರಾತ್ರಿ ಮಲಗುವ ಮುನ್ನ ಕದವನ್ನು ನೋಡುವ ಕೆಲಸವನ್ನು ಏಳು ವರುಷದ ಕೂಸಿನ ಮೇಲೆ ಹೊರಿಸುವುದು ಎಂಥ ಮನೆವಾಳ್ತೆ? ಈ ಭೇದವನ್ನು ಅರಿಯದ ಮನೆಗಳಲ್ಲಿ ನಾಯಿ ಸತ್ತ ದಿನ ಮಕ್ಕಳಿಗೆ ಏಟು ಬೀಳುತ್ತದೆ. ಆ ಕೂಸು ನಾಯಿಯನ್ನು ಕಳೆದುಕೊಂಡದ್ದಲ್ಲದೆ ತಾನೇ ಕೊಂದೆನೆಂಬ ಭಾರವನ್ನು ಬೆಳೆದು ದೊಡ್ಡದಾದ ಮೇಲೂ ಹೊತ್ತು ನಡೆಯಬೇಕಾಗುತ್ತದೆ. ಇದಕ್ಕಿಂತ ಅನ್ಯಾಯವು ಆ ನಸುಕಿನಲ್ಲಿ ಬೇರೆ ನಡೆಯಲಿಲ್ಲ.

ಸರಮೆಯ ಮರಿಗೆ ಕೇಳುವ ತಾಯಿಯಿದ್ದಳು. ಅಂಗಳದ ನಾಯಿಗೆ ಯಾರೂ ಇಲ್ಲ. ಕೇಳಲಾರದವರಿಗೆ ಕೇಳದೆಯೇ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿ ಷಟ್‌ಸ್ಥಲದ ಒಂದು ಸೂಕ್ಷ್ಮವು ಉಪಯೋಗಕ್ಕೆ ಬರುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯನ್ನು ಆಚಾರ್ಯರು ಹೇಳಿದ್ದಾರೆ. ಅವಧಾನವೆಂದರೆ ಎಚ್ಚರ. ಪಡೆದುದನ್ನು ಪ್ರಸಾದವೆಂದು ಸ್ವೀಕರಿಸುವವನಿಗೆ ನಂಬಿಕೆ ನಿಷ್ಠೆಗಳು ಸಾಲವು, ಪಡೆದುದರ ವಿಷಯದಲ್ಲಿ ಸದಾ ಎಚ್ಚರವಿರಬೇಕೆಂಬುದು ಆ ಕ್ರಮದ ಅಭಿಪ್ರಾಯ. ಮರಿಯೊಂದು ಮನೆಗೆ ಬಂದು ಕೈಯನ್ನು ನೆಕ್ಕಿದಾಗ ಮನೆಯವನು ಪಡೆಯುವುದು ಒಂದು ಜೀವದ ಪೂರ್ಣ ವಿಶ್ವಾಸವನ್ನು. ಅದನ್ನು ಅವನು ಗಳಿಸಿದ್ದಲ್ಲ, ಬೆಲೆಕೊಟ್ಟು ಕೊಂಡದ್ದೂ ಅಲ್ಲ, ತಾನಾಗಿ ಬಂದದ್ದು. ಅನ್ನ ಹಾಕಿದೆನೆಂಬುದರಿಂದ ಅದು ತೀರುವುದಿಲ್ಲ. ದಾಸೋಹದಲ್ಲಿಯೂ ಎಡೆ ಬಡಿಸಿದವನು ಉಂಡವನ ಕ್ಷೇಮವನ್ನು ವಿಚಾರಿಸದೆ ಎದ್ದುಹೋಗುವುದುಂಟೆ?

ಹಳ್ಳಿಯ ಗೃಹಸ್ಥನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅಜ್ಜ ಮುತ್ತಜ್ಜರ ಕಾಲದಿಂದ ನಾಯಿಗಳು ಬಿಡುಬೀಸಾಗಿಯೇ ಬೆಳೆದವು, ಕಟ್ಟಿಹಾಕಿ ಸಾಕುವುದು ಪೇಟೆಯವರ ಪದ್ಧತಿ, ಕಟ್ಟಿದ ನಾಯಿ ಕಣ ಕಾಯುವುದೆಂತು, ಎಂದು. ಆಕ್ಷೇಪದಲ್ಲಿ ಹುರುಳಿದೆ. ಅಜ್ಜನು ನಾಯಿಯನ್ನು ಬಿಟ್ಟದ್ದು ಬಂಡಿಯ ದಾರಿಗೆ. ಬಂಡಿಯ ನಡಿಗೆ ನಾಯಿಗೆ ತಿಳಿಯುತ್ತಿತ್ತು. ಅದರ ಗಾಲಿಯ ನಡುವೆಯೇ ನೆರಳು ಹಿಡಿದು ನಡೆಯುತ್ತಿತ್ತು. ದಾರಿಯು ಬದಲಾಯಿತು, ನಾಯಿಯ ಸ್ವಭಾವ ಬದಲಾಗಲಿಲ್ಲ, ಒಡೆಯನ ರೂಢಿಯೂ ಬದಲಾಗಲಿಲ್ಲ. ಹಗಲು ಕಾದ ಡಾಂಬರು ಇರುಳಿನ ತಂಪಿನಲ್ಲಿ ಬೆಚ್ಚಗಿರುವುದರಿಂದ ನಾಯಿಯು ಅಲ್ಲಿಯೇ ಒರಗುತ್ತದೆ. ದೀಪದ ಬೆಳಕು ಕಣ್ಣಿಗೆ ಹೊಡೆದರೆ ತಬ್ಬಿಬ್ಬಾಗಿ ನಿಂತುಬಿಡುತ್ತದೆ. ಬೆದೆಯ ಕಾಲ ಬಂದರೆ ಎಷ್ಟೇ ನಿಷ್ಠೆಯ ಗಂಡುನಾಯಿಯಾದರೂ ಊರಾಚೆಗೆ ಓಡುತ್ತದೆ. ಇವಿಷ್ಟೂ ಸಾಕಿದವನಿಗೆ ತಿಳಿದ ಸಂಗತಿಗಳೇ. ತಿಳಿದದ್ದು ಆಗಿಹೋದಾಗ ಅದನ್ನು ಆಕಸ್ಮಿಕವೆಂದು ಕರೆಯುವುದು ಕಷ್ಟ.

ಹಾಗೆಂದು ಸರಪಳಿಯೇ ಪರಿಹಾರವಲ್ಲ. ಗೋಡೆಯ ಮೊಳೆಗೆ ಎರಡು ಮಾರು ಸರಪಳಿಯಿಂದ ಕಟ್ಟಿ, ಹಗಲಿರುಳು ಅಲ್ಲಿಯೇ ಉಣ್ಣಿಸಿ, ಅದು ಅಪಘಾತದಲ್ಲಿ ಸಾಯದಂತೆ ಕಾಪಾಡಿದೆನೆಂದು ಹೇಳುವವನು ಸಾವನ್ನು ತಪ್ಪಿಸಿ ಬದುಕನ್ನೂ ತಪ್ಪಿಸಿದ್ದಾನೆ. ಆ ೧೯೬೦ರ ಕಾಯಿದೆಯು ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಕ್ರೌರ್ಯವೆಂದು ಎಣಿಸಿರುವುದು ಈ ಕಾರಣಕ್ಕೆ. ಅಂಗಳಕ್ಕೆ ಮುಳ್ಳುಬೇಲಿಯನ್ನಾದರೂ ಹಾಕಿ, ಇರುಳು ಕದವನ್ನು ತಾನೇ ನೋಡಿ ಮಲಗಿ, ರಸ್ತೆಯಲ್ಲಿ ಹೊರಟಾಗ ಹಗ್ಗ ಹಿಡಿದು, ಕಣಕ್ಕೆ ಹೋದಮೇಲೆ ಬಿಟ್ಟರೆ ನಾಯಿಯ ಸ್ವಾತಂತ್ರ್ಯಕ್ಕೂ ಕೊರತೆಯಿಲ್ಲ, ಕಾವಲಿಗೂ ಕೊರತೆಯಿಲ್ಲ. ಸರ್ಕಾರಿ ಪಶುವೈದ್ಯರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಅಲೆಯುವ ಚಟ ಬಹುಮಟ್ಟಿಗೆ ಇಳಿಯುತ್ತದೆ. ಬೇಡದ ಮರಿಗಳನ್ನು ಊರಾಚೆಯ ರಸ್ತೆಯಲ್ಲಿ ಬಿಟ್ಟುಬರುವ ಪಾಪವೂ ತಪ್ಪುತ್ತದೆ. ಆ ಪಾಪವು ಹಳ್ಳಿ ಪೇಟೆಗಳೆರಡರಲ್ಲಿಯೂ ಮರ್ಯಾದಸ್ಥರಿಂದಲೇ ನಡೆಯುತ್ತಿರುವುದರಿಂದ ಇಷ್ಟು ಹೇಳಬೇಕಾಯಿತು.

ಇಷ್ಟೆಲ್ಲ ಎಚ್ಚರವಿದ್ದರೂ ಒಮ್ಮೊಮ್ಮೆ ಆಗುವುದು ಆಗುತ್ತದೆ. ಬಡಿತ ತಿಂದ ನಾಯಿಯು ನೋವಿನಲ್ಲಿ ಒಡೆಯನನ್ನೇ ಕಚ್ಚುವುದುಂಟು. ಉಸಿರಾಟ ಸರಿಯಾಗಿದ್ದು ವಾಂತಿಯಿಲ್ಲದಿದ್ದರೆ ಮೂತಿಗೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿ, ಕಂಬಳಿಯ ಮೇಲೋ ಹಲಗೆಯ ಮೇಲೋ ಸರಿಸಿ, ಬೆನ್ನು ಬಾಗದಂತೆ ಒಯ್ಯಬೇಕು. ಎದ್ದು ನಿಂತು ನಡೆದಾಡಿತೆಂದು ಮನೆಗೆ ಕರೆತಂದು ಮಲಗಿಸಿದವರು ಮೋಸಹೋಗಿದ್ದಾರೆ. ಒಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಗುರುತು ಕಾಣದು, ಕೆಲವು ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಪಶು ಆಂಬುಲೆನ್ಸಿಗೆ ೧೯೬೨ ಎಂಬ ದೂರವಾಣಿ ಸಂಖ್ಯೆಯಿದೆ. ಉಳಿಯುವ ಆಸೆಯೇ ಇಲ್ಲವೆಂದು ವೈದ್ಯರು ಹೇಳಿದಾಗಲೂ ಕಡೆಯ ಉಸಿರಿನವರೆಗೆ ಬಳಿಯಲ್ಲಿ ಕೂಡುವುದು ಒಂದು ಉತ್ತರವೇ.

ಹೊಣೆಯನ್ನು ಒಪ್ಪಿಕೊಳ್ಳದವರು ಒಂದು ಕಡೆಯಾದರೆ, ಅದನ್ನು ಮಿತಿಮೀರಿ ಹೊತ್ತುಕೊಳ್ಳುವವರು ಮತ್ತೊಂದು ಕಡೆ. ನಾಯಿ ಸತ್ತು ವರುಷವಾದರೂ ತಾನೇ ಕೊಂದೆನೆಂದು ಕೊರಗುವ ತಾಯಂದಿರುಂಟು. ನೆರೆಯವರು ನಗುತ್ತಾರೆಂದು ಅಳುವನ್ನು ನುಂಗುತ್ತಾರೆ, ಮನುಷ್ಯರಿಗಾದರೆ ಅಳಬಹುದು, ನಾಯಿಗೆ ಅಳುವುದು ಹೇಗೆಂದು. ದುಃಖಕ್ಕೆ ನಾಚುವ ಕಾರಣವೇ ಇಲ್ಲ. ಆದರೆ ಪಶ್ಚಾತ್ತಾಪ ಬೇರೆ, ಆತ್ಮಪೀಡನೆ ಬೇರೆ. ಪಶ್ಚಾತ್ತಾಪವು ನಾಯಿಯ ಕಡೆಗೆ ನೋಡುತ್ತದೆ. ಎಲ್ಲಿ ಎಚ್ಚರ ತಪ್ಪಿತೆಂದು ಕೇಳುತ್ತದೆ, ತಿಳಿದಮೇಲೆ ಕದಕ್ಕೆ ಅಗುಳಿ ಹಾಕಿಸುತ್ತದೆ. ಆತ್ಮಪೀಡನೆಯು ತನ್ನನ್ನೇ ನೋಡಿಕೊಳ್ಳುತ್ತದೆ. ತಾನೆಷ್ಟು ಪಾಪಿಯೆಂಬುದರಲ್ಲಿಯೇ ಅದಕ್ಕೆ ಹೊತ್ತು ಹೋಗುವುದರಿಂದ ಕದವು ಮೊದಲಿನಂತೆಯೇ ತೆರೆದಿರುತ್ತದೆ. ಇನ್ನು ನಾಯಿಯನ್ನೇ ಸಾಕುವುದಿಲ್ಲವೆಂದು ಆಣೆಯಿಡುವವರ ಮಾತನ್ನೂ ಇಲ್ಲಿಯೇ ಸೇರಿಸಬಹುದು. ನೋವು ಬಾರದಂತೆ ಬಾಗಿಲು ಮುಚ್ಚಿಕೊಂಡವನು ಜೀವಗಳಿಗೂ ಮುಚ್ಚಿಕೊಂಡಂತಾಯಿತು. ಹಾಗೆಂದು ಮೂರನೆಯ ದಿನವೇ ಮತ್ತೊಂದು ಮರಿ ತರುವುದೂ ಸರಿಯಲ್ಲ, ಹೋದದ್ದು ಮಡಕೆಯಲ್ಲ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಒಂದು ಶಿಲಾಶಾಸನವು ಈ ವಿಚಾರಕ್ಕೆ ಸಾವಿರ ವರುಷಗಳಷ್ಟು ಹಿಂದಿನ ನಿದರ್ಶನವನ್ನು ಒದಗಿಸುತ್ತದೆ. ಶಕವರ್ಷ ೮೭೨ರ, ಅಂದರೆ ಕ್ರಿ.ಶ. ೯೪೯-೫೦ರ ಶಾಸನವದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ವೃತ್ತಾಂತವು ಅದರಲ್ಲಿರುವುದರಿಂದ ಚರಿತ್ರಕಾರರಿಗೆ ಅದು ಬಹು ಪ್ರಸಿದ್ಧ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಚೋಳರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ಭಟನಿಗೆ ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದನು. ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಒಡನೆಯೇ ಸತ್ತವು.

ಮಣಲೇರನು ಹಂದಿಯನ್ನು ಬಯ್ಯಬಹುದಾಗಿತ್ತು. ಕಾಳಿಯ ಆಯುಷ್ಯ ತೀರಿತ್ತೆನ್ನಬಹುದಾಗಿತ್ತು. ಅವನಿಗೆ ಮತ್ತೊಂದು ನಾಯಿ ಸಿಗದಿರಲಿಲ್ಲ. ಅವನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಡಿಸಿದನು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರವನ್ನು ಕೆತ್ತಿಸಿದನು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಿಸಿದನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಆ ಕಾಲದಲ್ಲಿ ಶೈವ ಅರ್ಚಕನಿಗೆ ಇದ್ದ ಹೆಸರದು, ಕಲ್ಲನ್ನು ಪೂಜಿಸದೆ ಉಂಡನಾದರೆ ಆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಕಟ್ಟಳೆ ಮಾಡಿಸಿದನು. ಬೇಟೆಯು ಶರಣರಿಗೆ ಸಮ್ಮತವಾದದ್ದಲ್ಲ, ಅದಕ್ಕಾಗಿ ಮಣಲೇರನನ್ನು ಯಾರೂ ಅನುಕರಿಸಬೇಕಾಗಿಯೂ ಇಲ್ಲ. ಆದರೆ ತಾನು ಬಿಟ್ಟ ನಾಯಿ ಸತ್ತಿತೆಂಬುದನ್ನು ಅವನು ಕಲ್ಲಿನ ಮೇಲೆ ಊರೆಲ್ಲ ಓದುವಂತೆ ಬರೆಯಿಸಿದ್ದಾನೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲನ್ನು ನಿಲ್ಲಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮೊದಲು ಕಲ್ಪಿಸಿಕೊಂಡ ಕದರಮಂಡಲಗಿಯ ಮನೆಯಲ್ಲಿ ಹುಡುಗನು ತಂದೆಯ ಮುಖವನ್ನೇ ನೋಡುತ್ತ ನಿಂತಿದ್ದಾನೆ. ತಂದೆಯು ಮಡದಿಯ ಕಡೆಗೂ ನೋಡದೆ, ಗಾಡಿ ಹೋದ ದಿಕ್ಕಿಗೂ ನೋಡದೆ, "ನಾನಽ ನೋಡ್ಲಿಲ್ಲಪಾ. ಮಲಗೂಮುಂದ ನಾನು ಕದಾ ನೋಡಬೇಕಾಗಿತ್ತು" ಎನ್ನುತ್ತಾನೆ. ಹುಡುಗನು ಅತ್ತನು. ಕಣದ ಮೂಲೆಯಲ್ಲಿ, ಅದು ದಿನವೂ ಮಲಗುತ್ತಿದ್ದ ಬೇವಿನ ಬುಡದ ಬಳಿ, ಇಬ್ಬರೂ ಕೂಡಿ ಕುಣಿ ತೋಡಿದರು. ಅಂದು ಮಧ್ಯಾಹ್ನ ಬಡಿಗನು ಬಂದು ಕದಕ್ಕೆ ಅಗುಳಿ ಹಾಕಿಹೋದನು.